ಹೊಸ ಕಾಂಪ್ಯಾಕ್ಟ್ ಸೆಡಾನ್: ಎದುರಾಳಿಗಳ ಪಕ್ಕ ನಿಲ್ಲಿಸಿ ಅಳೆಯುವುದು ಹೇಗೆ?

ಹೊಸ ಕಾಂಪ್ಯಾಕ್ಟ್ ಸೆಡಾನ್ ಬಿಡುಗಡೆಯಾದ ವಾರ ಎಲ್ಲ ಕಡೆ ಒಂದೇ ಥರದ ಹೋಲಿಕೆಗಳು ಓಡಾಡುತ್ತವೆ. ಅಕ್ಕಪಕ್ಕ ಎರಡು ಕಾರು, ಕೆಳಗೆ ಒಂದು ಪಟ್ಟಿ, ಕೊನೆಗೆ ಯಾರು ಗೆದ್ದರು ಅನ್ನುವ ತೀರ್ಪು. ಓದೋಕೆ ಮಜಾ ಇರುತ್ತದೆ. ಆದರೆ ಆ ಪಟ್ಟಿಯಲ್ಲಿರುವುದು ಬಹುಪಾಲು ಟಾಪ್ ವೇರಿಯಂಟ್. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಅದರ ಕೆಳಗಿನದ್ದು, ಇಲ್ಲವೇ ಅದಕ್ಕೂ ಕೆಳಗಿನದ್ದು. ಸನ್‌ರೂಫ್ ಇರುವ ಕಾರಿನ ವಿಮರ್ಶೆ ನೋಡಿ ಸನ್‌ರೂಫ್ ಇಲ್ಲದ ಕಾರು ಬುಕ್ ಮಾಡಿ ಬರುತ್ತೇವೆ.

ನನ್ನ ಮಟ್ಟಿಗೆ ಸರಿಯಾದ ಹೋಲಿಕೆ ಒಂದೇ. ನಿಮ್ಮ ದುಡ್ಡಿಗೆ ಈ ಕಾರಿನಲ್ಲಿ ಯಾವ ವೇರಿಯಂಟ್ ಸಿಗುತ್ತದೆ, ಅದೇ ದುಡ್ಡಿಗೆ ಆ ಕಾರಿನಲ್ಲಿ ಯಾವುದು ಸಿಗುತ್ತದೆ ಅಂತ ನೋಡುವುದು. ಉದಾಹರಣೆಗೆ ನಮ್ಮ ಮಾರುಕಟ್ಟೆಯ ನಾಲ್ಕು ಕಾರು ತೆಗೆದುಕೊಳ್ಳೋಣ. 2024ರ ನವೆಂಬರ್‌ನಲ್ಲಿ ಬಂದ ನಾಲ್ಕನೇ ತಲೆಮಾರಿನ ಮಾರುತಿ ಡಿಸೈರ್, ಮರುತಿಂಗಳೇ ಬಂದ ಮೂರನೇ ತಲೆಮಾರಿನ ಹೋಂಡಾ ಅಮೇಜ್, ಇವಕ್ಕಿಂತ ಹಳೆಯ ಹ್ಯುಂಡೈ ಆರಾ ಮತ್ತು ಟಾಟಾ ಟಿಗೋರ್. ಮುಂದೆ ಇನ್ನೊಂದು ಹೊಸ ಕಾರು ಬಂದರೂ ಅಳೆಯುವ ರೀತಿ ಇದೇ.

ಶುರು ಮಾಡುವ ಮುಂಚೆ: ಇವೆಲ್ಲ ಯಾಕೆ ಒಂದೇ ಅಳತೆಯಲ್ಲಿವೆ?

ಈ ಗುಂಪನ್ನು ಹುಟ್ಟಿಸಿದ್ದು ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅನ್ನಿಸಿಕೊಳ್ಳಲು ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ತಕ್ಷಣ ಕಂಪನಿಗಳು ಸೆಡಾನಿನ ಬಾಲ ಕತ್ತರಿಸಲು ಶುರು ಮಾಡಿದವು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಬಂತು. ಅದೇ ವರ್ಷ ಬಂದ ಮೊದಲ ಡಿಸೈರ್ 4160 ಮಿಲಿಮೀಟರ್ ಉದ್ದವಿತ್ತು. 2012ರಲ್ಲಿ ಎರಡನೇ ಡಿಸೈರ್ 3995ಕ್ಕೆ ಇಳಿಯಿತು, ಜೊತೆಗೆ ಡಿಕ್ಕಿ 440 ಲೀಟರ್‌ನಿಂದ 316ಕ್ಕೆ ಕುಸಿಯಿತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಉದ್ದಕ್ಕೆ ಗೆರೆ ಹಾಕಿರುವುದರಿಂದ ಇಲ್ಲಿ ಯಾರೂ ಎಲ್ಲವನ್ನೂ ಕೊಡಲಾರರು. ಕಾಲಿಡಲು ಜಾಗ ಕೊಟ್ಟವರು ಡಿಕ್ಕಿಯಲ್ಲೋ ಬಾನೆಟ್ಟಿನಲ್ಲೋ ಕಡಿಮೆ ಮಾಡಿರುತ್ತಾರೆ. ಎಲ್ಲಿ ಕಡಿಮೆ ಮಾಡಿದ್ದಾರೆ ಅನ್ನುವುದನ್ನು ಹುಡುಕುವುದೇ ನಮ್ಮ ಕೆಲಸ.

ಮೊದಲ ಹೆಜ್ಜೆ: ಹೊಸದು ಅಂದರೆ ಎಷ್ಟು ಹೊಸದು?

ಹೊಸ ಕಾರು ಅಂದಾಗ ಮೈ ಹೊಸದಿರಬಹುದು, ಎಂಜಿನ್ ಹಳೆಯದಿರಬಹುದು. ಇದು ಕೆಟ್ಟದ್ದೇನಲ್ಲ. ಹೊಸ ಅಮೇಜ್‌ನಲ್ಲಿರುವುದು ಹಿಂದಿನ ಅಮೇಜ್‌ನದ್ದೇ 1.2 ಲೀಟರ್, ನಾಲ್ಕು ಸಿಲಿಂಡರ್, 90 ಪಿಎಸ್ ಶಕ್ತಿಯ ಎಂಜಿನ್. ಮೆಕ್ಯಾನಿಕ್‌ಗಳ ಕೈ ಪಳಗಿದೆ. ಡಿಸೈರ್‌ನದ್ದು ಬೇರೆ ಕಥೆ. ಅದರ ಹಳೆಯ ನಾಲ್ಕು ಸಿಲಿಂಡರ್ ಎಂಜಿನ್ ಹೋಗಿ ಮೂರು ಸಿಲಿಂಡರಿನ ಹೊಸ 1.2 ಬಂತು. ಸುಮಾರು 82 ಪಿಎಸ್ ಶಕ್ತಿ, 112 ಎನ್ಎಂ ಎಳೆತ (ಟಾರ್ಕ್). ಆದರೆ ಅದು ಆರು ತಿಂಗಳ ಮುಂಚೆಯೇ, 2024ರ ಮೇನಲ್ಲಿ, ಸ್ವಿಫ್ಟ್‌ನಲ್ಲಿ ಬಂದಾಗಿತ್ತು.

ಹಾಗಾಗಿ ಎಂಜಿನ್, ಗೇರ್‌ಬಾಕ್ಸ್, ಪ್ಲಾಟ್‌ಫಾರ್ಮ್ (ಕಾರಿನ ತಳದ ಚೌಕಟ್ಟು), ಸಾಫ್ಟ್‌ವೇರ್ ಈ ನಾಲ್ಕರಲ್ಲಿ ಯಾವುದು ನಿಜವಾಗಿ ಹೊಸದು ಅಂತ ಗುರುತು ಹಾಕಿಕೊಳ್ಳಿ. ಎಂಜಿನ್ನೋ ಗೇರ್‌ಬಾಕ್ಸೋ ಪೂರ್ತಿ ಹೊಸದಾಗಿದ್ದು, ಬೇರೆ ಯಾವ ಕಾರಿನಲ್ಲೂ ಓಡಿಲ್ಲ ಅಂದರೆ ನಾನಾದರೆ ಒಂದಷ್ಟು ತಿಂಗಳು ಕಾಯುತ್ತೇನೆ. ಬರೀ ಮುಖ, ಪರದೆ ಬದಲಾಗಿದ್ದರೆ ಕಾಯುವ ಅಗತ್ಯ ಇಲ್ಲ.

ಎರಡನೇ ಹೆಜ್ಜೆ: ಆನ್‌ರೋಡ್ ಬೆಲೆ ಬರೆಸಿಕೊಳ್ಳಿ

ಆಜೀವ ತೆರಿಗೆ, ನೋಂದಣಿ, ವಿಮೆ ಸೇರದ ಎಕ್ಸ್‌ಶೋರೂಮ್ ಬೆಲೆ ಇಟ್ಟುಕೊಂಡು ಹೋಲಿಸಿದರೆ ಪ್ರಯೋಜನವಿಲ್ಲ, ಅವೆಲ್ಲ ಸೇರಿದ ಆನ್‌ರೋಡ್ ಬೆಲೆ ಬೇಕು. ಹಳೆಯ ವಿಡಿಯೋಗಳ ಬೆಲೆಯನ್ನಂತೂ ನಂಬಲೇಬೇಡಿ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮುಂಚಿನ ಲೆಕ್ಕಗಳೆಲ್ಲ ಈಗ ತಲೆಕೆಳಗು.

ಕರ್ನಾಟಕದಲ್ಲಿ ಕೊಳ್ಳುವವರು 10 ಲಕ್ಷದ ಗೆರೆಯ ಮೇಲೆ ಕಣ್ಣಿಡಬೇಕು. ಇಲ್ಲಿ ಆಜೀವ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14, ಹತ್ತು ದಾಟಿದರೆ ಶೇ 17. ಅದರ ಮೇಲೆ ಸೆಸ್ ಬೇರೆ. 9.9 ಲಕ್ಷದ ಕಾರಿಗೆ ತೆರಿಗೆ ಸುಮಾರು 1.39 ಲಕ್ಷ. 10.1 ಲಕ್ಷದ ಕಾರಿಗೆ 1.72 ಲಕ್ಷ. ಅಂದರೆ ಬೆಲೆಯಲ್ಲಿ 20 ಸಾವಿರ ಹೆಚ್ಚಾದರೆ ತೆರಿಗೆಯಲ್ಲೇ ಇನ್ನೊಂದು 33 ಸಾವಿರ. ಸಾಲದ್ದಕ್ಕೆ, 10 ಲಕ್ಷ ಮೀರಿದ ಕಾರಿಗೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ, ಆದರೆ ಅವತ್ತು ಕೈಯಿಂದ ಹೋಗುವುದು ಹೋಗಿಯೇ ಹೋಗುತ್ತದೆ. ಟಾಪ್ ವೇರಿಯಂಟ್ ಆಟೋಮ್ಯಾಟಿಕ್‌ಗಳು ಈ ಗೆರೆಯ ಆಸುಪಾಸಿನಲ್ಲೇ ಓಡಾಡುತ್ತವೆ. ಒಂದು ವೇರಿಯಂಟ್ ಕೆಳಗಿಳಿದರೆ ಎಷ್ಟು ಉಳಿಯುತ್ತದೆ ಅಂತ ಕೇಳಿ. ಒಮ್ಮೊಮ್ಮೆ ಆ ಸಂಖ್ಯೆ ಕೇಳಿದರೆ ಅಲಾಯ್ ವೀಲ್ ಮೇಲಿನ ಆಸೆ ತಾನಾಗೇ ಹೋಗುತ್ತದೆ.

ಶೋರೂಮ್‌ನವರು ಕೊಡುವ ಕೊಟೇಶನ್ನಿನಲ್ಲಿ ಪ್ರತಿ ಸಾಲನ್ನೂ ಬಿಡಿಸಿ ಕೇಳಿ. ವಿಮೆ ಅವರಲ್ಲೇ ಮಾಡಿಸಬೇಕು ಅನ್ನುವ ಕಡ್ಡಾಯ ಇಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷದ್ದೇ ತೆಗೆದುಕೊಳ್ಳಬೇಕು, ಸ್ವಂತ ಹಾನಿಯದ್ದು ಒಂದು ವರ್ಷದ್ದು ಸಾಕು. ಹೊರಗಡೆ ಕೊಟೇಶನ್ ತರಿಸುವಾಗ ಐಡಿವಿ (ಕಾರು ಕಳುವಾದರೆ, ಪೂರ್ತಿ ಹಾಳಾದರೆ ವಿಮೆಯವರು ಕೊಡುವ ಗರಿಷ್ಠ ಮೊತ್ತ) ಒಂದೇ ಇರಲಿ, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಡಿಯದೆ ದುಡ್ಡು ಕೊಡುವ ಸೌಲಭ್ಯ) ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಅಗ್ಗ ಕಂಡಿದ್ದು ಅಗ್ಗವಾಗಿರುವುದಿಲ್ಲ. ಆಕ್ಸೆಸರಿ ಪ್ಯಾಕೇಜ್, ಹ್ಯಾಂಡ್ಲಿಂಗ್ ಶುಲ್ಕ ಅಂತ ಏನಾದರೂ ಕಂಡರೆ ತೆಗೆಸಿ. ಕೇಳಿದರೆ ಬಹಳ ಕಡೆ ತೆಗೆಯುತ್ತಾರೆ.

ಮೂರನೇ ಹೆಜ್ಜೆ: ಸುರಕ್ಷತೆಯನ್ನು ಕೆಳಗಿನ ವೇರಿಯಂಟ್‌ನಿಂದ ನೋಡಿ

ಟಾಪ್ ವೇರಿಯಂಟ್‌ನಲ್ಲಿ ಎಲ್ಲರೂ ಎಲ್ಲವನ್ನೂ ಕೊಡುತ್ತಾರೆ. ಕಂಪನಿಯ ಮನಸ್ಸು ಗೊತ್ತಾಗುವುದು ಬೇಸ್ ವೇರಿಯಂಟ್‌ನಲ್ಲಿ. ಡಿಸೈರ್ ಮತ್ತು ಅಮೇಜ್ ಎರಡರಲ್ಲೂ ಎಲ್ಲ ವೇರಿಯಂಟ್‌ಗೂ ಆರು ಏರ್‌ಬ್ಯಾಗ್ ಇದೆ. ಅದು ಒಳ್ಳೆಯದು. ಇದರ ಜೊತೆ ಕಾರು ಜಾರಿದಾಗ ಹಿಡಿತ ಕೊಡುವ ಇಎಸ್‌ಸಿ ಇದೆಯಾ, ಹಿಂದಿನ ನಡುವಿನ ಸೀಟಿಗೂ ಮೂರು ಕಡೆ ಹಿಡಿಯುವ ಬೆಲ್ಟ್ ಇದೆಯಾ, ಹಿಂದಿನ ಸೀಟಿನ ಹೆಡ್‌ರೆಸ್ಟ್ ಎತ್ತರ ಹೊಂದಿಸಲು ಬರುತ್ತದಾ, ಇವನ್ನು ನೀವು ಕೊಳ್ಳುವ ವೇರಿಯಂಟ್‌ನ ಸಾಲಿನಲ್ಲೇ ಬೆರಳಿಟ್ಟು ನೋಡಿ.

ಸ್ಟಾರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಹೊಸ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್, ಮಕ್ಕಳ ರಕ್ಷಣೆಗೆ 4 ಸ್ಟಾರ್ ತೆಗೆದುಕೊಂಡಿತು. ಅಲ್ಲಿ 5 ಸ್ಟಾರ್ ಪಡೆದ ಮೊದಲ ಮಾರುತಿ ಕಾರು ಅದು. ಟಿಗೋರ್‌ಗೆ 2020ರಲ್ಲಿ 4 ಸ್ಟಾರ್ ಬಂದಿತ್ತು. ಒಂದೇ ಸ್ಟಾರ್ ವ್ಯತ್ಯಾಸ ಅಂತ ಲೆಕ್ಕ ಹಾಕಬೇಡಿ. 2022ರ ಜುಲೈನಲ್ಲಿ ಆ ಪರೀಕ್ಷೆಯ ನಿಯಮಗಳೇ ಗಟ್ಟಿಯಾದವು, ಪಕ್ಕದಿಂದ ಬೀಳುವ ಪೆಟ್ಟು, ಇಎಸ್‌ಸಿ ಎಲ್ಲ ಸೇರಿಕೊಂಡವು. ಹಳೆಯ ಪರೀಕ್ಷೆಯ 4, ಹೊಸ ಪರೀಕ್ಷೆಯ 5 ಎರಡೂ ಬೇರೆ ಬೇರೆ ಪ್ರಶ್ನೆಪತ್ರಿಕೆಯ ಅಂಕಗಳು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಯಾವ ಪರೀಕ್ಷೆ, ಯಾವ ವರ್ಷ, ಆ ಕಾರಿನ ಯಾವ ತಲೆಮಾರು, ಮೂರನ್ನೂ ನೋಡಿ ಆಮೇಲೆ ಸ್ಟಾರ್ ಎಣಿಸಿ.

ಇನ್ನು ಅಡಾಸ್, ಅಂದರೆ ಮುಂದಿನ ವಾಹನ, ಲೇನ್ ಗೆರೆ ನೋಡಿ ಓಡಿಸುವವರಿಗೆ ತಾನೇ ನೆರವಾಗುವ ವ್ಯವಸ್ಥೆ. ಅಮೇಜ್ ಈ ಗುಂಪಿನಲ್ಲಿ ಮೊದಲು ತಂದದ್ದು. ಕ್ಯಾಮೆರಾ ನೋಡಿ ಕೆಲಸ ಮಾಡುತ್ತದೆ, ಟಾಪ್ ವೇರಿಯಂಟ್‌ನಲ್ಲಿ ಮಾತ್ರ. ಹೆದ್ದಾರಿಯಲ್ಲಿ ಜಾಸ್ತಿ ಓಡಿಸುವವರಿಗೆ ಉಪಯೋಗಕ್ಕೆ ಬರುತ್ತದೆ. ಬಿಳಿ ಗೆರೆಯೇ ಇಲ್ಲದ ರಸ್ತೆಯಲ್ಲಿ ಲೇನ್ ಹಿಡಿದುಕೊಡುವ ಸೌಲಭ್ಯ ಏನನ್ನು ಹಿಡಿಯುತ್ತೆ ಹೇಳಿ?

ನಾಲ್ಕನೇ ಹೆಜ್ಜೆ: ಮೈಲೇಜನ್ನು ರೂಪಾಯಿಗೆ ಇಳಿಸಿ

ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಡುವ ಮೈಲೇಜ್ ರಸ್ತೆಯಲ್ಲಿ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ಎಸಿ ಆಫ್ ಮಾಡಿ ಓಡಿಸಿ ತೆಗೆದ ಅಂಕಿ ಅದು. ಆದರೂ ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆಯಾದ್ದರಿಂದ ಹೋಲಿಕೆಗೆ ಕೆಲಸಕ್ಕೆ ಬರುತ್ತದೆ.

ಮ್ಯಾನುಯಲ್ ಡಿಸೈರ್ ಲೀಟರಿಗೆ 24.79 ಕಿಲೋಮೀಟರ್, ಮ್ಯಾನುಯಲ್ ಅಮೇಜ್ 18.65. ಕಾಗದದ ಮೇಲೆ ದೊಡ್ಡ ಅಂತರ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಒಂದಕ್ಕೆ ಸುಮಾರು 403 ಲೀಟರ್, ಇನ್ನೊಂದಕ್ಕೆ 536 ಲೀಟರ್. ವ್ಯತ್ಯಾಸ 133 ಲೀಟರ್. ಲೀಟರಿಗೆ ಅಂದಾಜು 100 ರೂಪಾಯಿ ಹಿಡಿದರೆ ವರ್ಷಕ್ಕೆ 13 ಸಾವಿರ ಚಿಲ್ಲರೆ. ನಿಜವಾದ ರಸ್ತೆಯಲ್ಲಿ ಎರಡರ ಮೈಲೇಜೂ ಶೇ 20ರಷ್ಟು ಬಿತ್ತು ಅಂತಿಟ್ಟುಕೊಳ್ಳಿ, ಆಗ ವ್ಯತ್ಯಾಸ 166 ಲೀಟರಿಗೆ ಏರುತ್ತದೆ.

ಇದು ದೊಡ್ಡದೋ ಸಣ್ಣದೋ ನಿಮ್ಮ ಓಡಾಟದ ಮೇಲೆ ಹೋಗುತ್ತದೆ. ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರು, ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವವರಿಗೆ ಉಳಿಯುವುದು ಎಂಟು ಸಾವಿರದಷ್ಟು. ಅಷ್ಟಕ್ಕಾಗಿ ಇಷ್ಟವಾದ ಎಂಜಿನ್ ಬಿಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ದಿನಾ 60 ಕಿಲೋಮೀಟರ್ ಓಡಿಸುವವರ ಲೆಕ್ಕ ಬೇರೆ, ಅವರಿಗೆ ಈ ಒಂದು ಅಂಕಿಯೇ ಕಾರನ್ನು ತೀರ್ಮಾನ ಮಾಡಿಬಿಡಬಹುದು.

ಐದನೇ ಹೆಜ್ಜೆ: ಗೇರ್‌ಬಾಕ್ಸ್, ಮತ್ತೆ ಸಿಎನ್‌ಜಿ

ಆಟೋಮ್ಯಾಟಿಕ್ ಬೇಕು ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿಸೈರ್, ಆರಾ, ಟಿಗೋರ್‌ನಲ್ಲಿ ಇರುವುದು ಎಎಂಟಿ. ಅಮೇಜ್‌ನಲ್ಲಿ ಸಿವಿಟಿ. ಎರಡಕ್ಕೂ ಕ್ಲಚ್ ಪೆಡಲ್ ಇಲ್ಲ, ಸಾಮ್ಯ ಅಲ್ಲಿಗೆ ಮುಗಿಯಿತು.

ಎಎಂಟಿ ಒಳಗೆ ಇರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಹಾಗಾಗಿ ಅಗ್ಗ, ಮೈಲೇಜೂ ಚೆನ್ನಾಗಿರುತ್ತದೆ. ಡಿಸೈರ್ ಎಎಂಟಿಯ ಎಆರ್‌ಎಐ ಅಂಕಿ 25.71, ಮ್ಯಾನುಯಲ್‌ಗಿಂತ ಜಾಸ್ತಿ. ಆದರೆ ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ತೂಗುತ್ತದೆ. ಓಡಿಸುವವರಿಗೆ ರೂಢಿಯಾಗುತ್ತದೆ, ಹಿಂದೆ ಕೂತ ಅಜ್ಜಿಗೆ ಆಗುವುದಿಲ್ಲ. ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲು ಗೇರ್ ಇಲ್ಲ, ಎರಡು ರಾಟೆಗಳ ನಡುವೆ ಬೆಲ್ಟ್ ಜಾರುತ್ತಾ ಅನುಪಾತ ಬದಲಾಗುತ್ತದೆ. ಟ್ರಾಫಿಕ್‌ನಲ್ಲಿ ಬೆಣ್ಣೆ. ಜೋರಾಗಿ ಒತ್ತಿದರೆ ಮಾತ್ರ ಮೊದಲು ಶಬ್ದ ಏರುತ್ತದೆ, ವೇಗ ನಿಧಾನಕ್ಕೆ ಹಿಂಬಾಲಿಸುತ್ತದೆ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಸಿವಿಟಿಯ ರಿಪೇರಿ ಎಎಂಟಿಗಿಂತ ದುಬಾರಿ.

ದಿನಾ ನಗರದ ಟ್ರಾಫಿಕ್, ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂದರೆ ನನ್ನ ಮತ ಸಿವಿಟಿಗೆ, ಮೈಲೇಜ್ ಕಡಿಮೆ ಅಂತ ಗೊತ್ತಿದ್ದೂ. ಊರಿಂದ ಊರಿಗೆ ಓಡಾಟ ಜಾಸ್ತಿಯಿದ್ದರೆ ಮ್ಯಾನುಯಲ್ಲೇ ಸಾಕು.

ಸಿಎನ್‌ಜಿ ಯೋಚಿಸುವವರು ಮೊದಲು ಡಿಕ್ಕಿ ತೆರೆದು ನೋಡಿ. ಡಿಸೈರ್ ಸಿಎನ್‌ಜಿ ಕೆಜಿಗೆ 33.73 ಕಿಲೋಮೀಟರ್ ಅನ್ನುತ್ತದೆ, ಆದರೆ ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯ ಬಹುಪಾಲು ತಿಂದುಬಿಡುತ್ತದೆ. ಟಾಟಾ ಎರಡು ಸಣ್ಣ ಸಿಲಿಂಡರ್‌ಗಳನ್ನು ತಳದಲ್ಲಿ ಮಲಗಿಸಿ ಮೇಲೆ ಜಾಗ ಉಳಿಸಿದೆ. ಸಿಎನ್‌ಜಿಗೆ ಎಎಂಟಿ ಜೋಡಿಸಿ ಕೊಟ್ಟದ್ದೂ ಟಾಟಾನೇ ಮೊದಲು, 2024ರಲ್ಲಿ ಟಿಯಾಗೊ ಮತ್ತು ಟಿಗೋರ್‌ನಲ್ಲಿ. ಡಿಸೈರ್‌ನಲ್ಲಿ ಸಿಎನ್‌ಜಿ ಬೇಕು ಅಂದರೆ ಟಾಪ್ ವೇರಿಯಂಟ್ ಸಿಗುವುದಿಲ್ಲ, ನಡುವಿನ ಎರಡರಲ್ಲಿ ಮಾತ್ರ. ಶಕ್ತಿಯೂ 82ರಿಂದ 70 ಪಿಎಸ್‌ಗೆ ಇಳಿಯುತ್ತದೆ. ಘಾಟಿ ಹತ್ತುವವರು ಇದನ್ನು ಮರೆಯಬಾರದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ನಿಮ್ಮ ದಾರಿಯಲ್ಲಿ ಬಂಕ್ ಇದೆಯಾ, ಅಲ್ಲಿ ಸಾಲು ಎಷ್ಟುದ್ದ ಅಂತ ಒಂದು ಸಂಜೆ ಹೋಗಿ ನೋಡಿ ಬನ್ನಿ.

ಆರನೇ ಹೆಜ್ಜೆ: ಶೋರೂಮ್‌ಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ

ಸೆಡಾನ್ ಕೊಳ್ಳುವುದೇ ಹಿಂದಿನ ಸೀಟು ಮತ್ತು ಡಿಕ್ಕಿಗಾಗಿ. ಆದರೂ ಶೋರೂಮ್‌ನಲ್ಲಿ ಎಲ್ಲರೂ ಮೊದಲು ಸ್ಟೀರಿಂಗ್ ಹಿಡಿಯುತ್ತಾರೆ.

ಮೊದಲು ಡ್ರೈವರ್ ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ. ಆಮೇಲೆ ಇಳಿದು ಅದೇ ಸೀಟಿನ ಹಿಂದೆ ಕೂರಿ. ಮೊಣಕಾಲು, ತಲೆ, ತೊಡೆ ಮೂರನ್ನೂ ಗಮನಿಸಿ. ತಲೆಯ ಮೇಲೆ ಎಷ್ಟು ಬೆರಳು ಜಾಗ ಉಳಿಯಿತು, ತೊಡೆಗೆ ಆಸರೆ ಇದೆಯಾ ಅಥವಾ ಮೊಣಕಾಲು ಮೇಲೆದ್ದು ಕೂತಿದ್ದೀರಾ? ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಎರಡು ನಿಮಿಷಕ್ಕೆ ಎಲ್ಲ ಸೀಟೂ ಆರಾಮ. ಸೆಡಾನಿನ ಚಾವಣಿ ಹಿಂದಕ್ಕೆ ಇಳಿಯುವುದರಿಂದ ಒಳಗೆ ಹೋಗುವಾಗ, ಬರುವಾಗ ತಲೆ ತಗ್ಗಿಸಬೇಕು. ಮಂಡಿ ನೋವಿರುವ ಹಿರಿಯರು ಇದ್ದರೆ ಅವರೇ ಹತ್ತಿ ಇಳಿದು ಹೇಳಲಿ. ಅವರ ಒಂದು ಮಾತು ನೂರು ವಿಮರ್ಶೆಗೆ ಸಮ. ನಡುವೆ ಮೂರನೆಯವರನ್ನೂ ಕೂರಿಸಿ ನೋಡಿ. ಈ ನಾಲ್ಕರಲ್ಲಿ ಯಾವುದೂ ಐದು ಜನ ದೊಡ್ಡವರಿಗೆ ದೂರ ಪ್ರಯಾಣದ ಕಾರಲ್ಲ ಅನ್ನುವುದು ನನ್ನ ಅನಿಸಿಕೆ.

ಡಿಕ್ಕಿಯ ಲೀಟರ್ ಲೆಕ್ಕದಲ್ಲಿ ಟಿಗೋರ್ 419, ಅಮೇಜ್ 416, ಆರಾ 402, ಡಿಸೈರ್ 382. ಅಂಕಿ ನೋಡಿ ಸುಮ್ಮನಾಗಬೇಡಿ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸಾಮಾನು ಎತ್ತಿಡುವ ಅಂಚು ಎಷ್ಟು ಎತ್ತರದಲ್ಲಿದೆ, ಮುಚ್ಚುವಾಗ ಕೀಲಿನ ತೋಳುಗಳು ಸಾಮಾನಿಗೆ ತಾಗುತ್ತವಾ ಅನ್ನುವುದನ್ನು ಲೀಟರ್ ಹೇಳುವುದಿಲ್ಲ. ಮನೆಯಲ್ಲಿರುವ ಅತಿ ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಶೋರೂಮ್‌ನವರು ನಕ್ಕರೆ ನಗಲಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ನಾಲ್ಕು ಜನ ತುಂಬಿಕೊಂಡು, ಎಸಿ ಹಾಕಿ ಓಡಿಸಿ. 1.2 ಲೀಟರ್ ಎಂಜಿನ್ ಒಬ್ಬರಿದ್ದಾಗ ಚುರುಕಾಗೇ ಇರುತ್ತದೆ. ಐದು ಜನ, ಸಾಮಾನು, ಶಿರಾಡಿಯೋ ಚಾರ್ಮಾಡಿಯೋ ಏರು, ಆಗ ಅದರ ಬಣ್ಣ ಗೊತ್ತಾಗುತ್ತದೆ. ಶೋರೂಮ್ ಹತ್ತಿರ ಘಾಟಿ ಇರುವುದಿಲ್ಲ, ನಿಜ. ಒಂದು ಫ್ಲೈಓವರ್ ಏರು ಸಾಕು. ಎರಡನೇ ಗೇರ್‌ನಲ್ಲಿ ನಿಧಾನಕ್ಕೆ ಹತ್ತಿಸಿ, ಮೂರಕ್ಕೆ ಹಾಕಿದಾಗ ಎಂಜಿನ್ ತೊದಲುತ್ತದಾ ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಮತ್ತು ಸೀಟಿನಲ್ಲಿ ನಡುಕ ಎಷ್ಟಿದೆ ಗಮನಿಸಿ. ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್ ವ್ಯತ್ಯಾಸ ಅಲ್ಲೇ ತಿಳಿಯುವುದು. ದೊಡ್ಡ ಹಂಪ್ ಒಂದನ್ನು ತುಂಬಿದ ಕಾರಿನಲ್ಲೇ ದಾಟಿಸಿ. ಡಿಸೈರ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್, ಅಮೇಜ್‌ನದ್ದು 172, ಟಿಗೋರ್‌ನದ್ದು 170. ಹಿಂದೆ ಮೂವರು ಕೂತರೆ ಈ ಅಂಕಿಗಳೆಲ್ಲ ಕೆಳಗಿಳಿಯುತ್ತವೆ.

ಇನ್ನೊಂದು ವಿಷಯ. ಡೆಮೋ ಕಾರು ಟಾಪ್ ವೇರಿಯಂಟ್ ಆಗಿರುತ್ತದೆ. ಡಿಸೈರ್‌ನ ಕೆಳಗಿನ ವೇರಿಯಂಟ್‌ಗಳಿಗೆ 165 ಅಗಲದ 14 ಇಂಚಿನ ಟಯರ್, ಮೇಲಿನವಕ್ಕೆ 185 ಅಗಲದ 15 ಇಂಚು. ಓಡುವ ರೀತಿ, ರಸ್ತೆ ಹಿಡಿತ ಎರಡೂ ಬದಲಾಗುತ್ತದೆ. ನೀವು ಕೊಳ್ಳುವ ವೇರಿಯಂಟೇ ಓಡಿಸಲು ಸಿಗುತ್ತದಾ ಕೇಳಿ. ಸಿಗದಿದ್ದರೆ ಒಂದು ಸಲ ಕೂತಾದರೂ ನೋಡಿ.

ಏಳನೇ ಹೆಜ್ಜೆ: ಗುಂಪಿನ ಹೊರಗೂ ಕಣ್ಣು ಹಾಯಿಸಿ

ಎದುರಾಳಿ ಅಂದರೆ ಇನ್ನೊಂದು ಸೆಡಾನೇ ಆಗಬೇಕಿಲ್ಲ. ಅದೇ ಎಂಜಿನ್ನಿನ ಸ್ವಿಫ್ಟ್ ಕಡಿಮೆ ದುಡ್ಡಿಗೆ ಬರುತ್ತದೆ, ಡಿಕ್ಕಿ ಬೇಡ ಅಂದರೆ ಅದೇ ಸಾಕು. ಹತ್ತಿ ಇಳಿಯುವುದು ಸುಲಭ ಆಗಬೇಕು ಅಂದರೆ ಪಂಚ್, ಎಕ್ಸ್‌ಟರ್ ಥರದ ಎತ್ತರದ ಕಾರುಗಳನ್ನೂ ಪಟ್ಟಿಗೆ ಹಾಕಿ. ಸ್ಟಾಕ್ ಉಳಿದ ಹಳೆಯ ತಲೆಮಾರು ಭಾರೀ ರಿಯಾಯಿತಿಗೆ ಸಿಕ್ಕರೂ ಒಮ್ಮೆ ಲೆಕ್ಕ ಹಾಕಿ, ಆದರೆ ಏರ್‌ಬ್ಯಾಗ್ ಎಷ್ಟು ಅಂತ ನೋಡಿಕೊಂಡು.

ಸರ್ವಿಸ್ ಬಗ್ಗೆ ಕಂಪನಿಯ ಹೆಸರಿಗಿಂತ ನಿಮ್ಮೂರಿನ ಸರ್ವಿಸ್ ಸೆಂಟರ್ ಮುಖ್ಯ. ಅಲ್ಲಿಗೆ ಹೋಗಿ ಹೆಡ್‌ಲ್ಯಾಂಪ್, ಬಂಪರ್, ಮುಂದಿನ ಗಾಜಿನ ಬೆಲೆ ಕೇಳಿ. ಎಲ್ಇಡಿ ಹೆಡ್‌ಲ್ಯಾಂಪ್ ಕೆಟ್ಟರೆ ಬಹಳ ಸಲ ಪೂರ್ತಿ ಜೋಡಣೆಯೇ ಬದಲಾಗಬೇಕು. ಮರುಮಾರಾಟದ ಮಾತು ಬಂದಾಗ, ಈ ಗುಂಪಿನ ಕಾರುಗಳು ಟ್ಯಾಕ್ಸಿಯಾಗಿ ಓಡುತ್ತವೆ ಅನ್ನುವುದು ಕೆಲವರಿಗೆ ಮುಜುಗರ. ನನಗಂತೂ ಅದು ಸರ್ಟಿಫಿಕೇಟ್ ಇದ್ದ ಹಾಗೆ. ದಿನವಿಡೀ ದುಡಿಯುವವರು ಕೆಡುವ ಕಾರನ್ನು ಯಾಕೆ ಇಟ್ಟುಕೊಳ್ಳುತ್ತಾರೆ? ಹಳದಿ ಬೋರ್ಡ್ ಕಾರು ಓಡಿಸುವವರನ್ನೇ ಕೇಳಿ, ಕ್ಲಚ್ ಎಷ್ಟಕ್ಕೆ ಹೋಯಿತು, ಸಸ್ಪೆನ್ಷನ್ ಶಬ್ದ ಯಾವಾಗ ಶುರುವಾಯಿತು ಅಂತ ಬಾಯಿಪಾಠ ಹೇಳುತ್ತಾರೆ.

ಎಂಟನೇ ಹೆಜ್ಜೆ: ಬುಕ್ಕಿಂಗ್‌ನಿಂದ ನೋಂದಣಿವರೆಗೆ

ಎರಡು ಕಾರಿಗೆ ಇಳಿದ ಮೇಲೆ ಒಂದು ಹಾಳೆ ತೆಗೆದುಕೊಂಡು ನಿಮ್ಮ ಬಜೆಟ್ಟಿನ ಎರಡು ವೇರಿಯಂಟ್ ಮಾತ್ರ ಬರೆಯಿರಿ. ಆನ್‌ರೋಡ್ ಬೆಲೆ, ವರ್ಷದ ಇಂಧನ ಖರ್ಚು, ಇದರಲ್ಲಿ ಇದ್ದು ಅದರಲ್ಲಿ ಇಲ್ಲದ್ದು ಏನು. ಆ ಇಲ್ಲದ್ದರಲ್ಲಿ ಹೊರಗಡೆ ಹಾಕಿಸಬಹುದಾದ್ದನ್ನು ಹೊಡೆದುಹಾಕಿ. ಸ್ಪೀಕರ್, ಸೀಟ್ ಕವರ್, ಹಿಂದಿನ ಕ್ಯಾಮೆರಾ ಆಮೇಲೂ ಬರುತ್ತವೆ. ಏರ್‌ಬ್ಯಾಗ್, ಇಎಸ್‌ಸಿ, ಹಿಂದಿನ ಎಸಿ ಕಿಂಡಿ ಆಮೇಲೆ ಬರುವುದಿಲ್ಲ. ಹಾಳೆಯಲ್ಲಿ ಉಳಿದದ್ದು ನಿಜವಾದ ವ್ಯತ್ಯಾಸ.

ಬುಕ್ ಮಾಡುವಾಗ ವೇರಿಯಂಟ್, ಬಣ್ಣ, ಒಪ್ಪಿಕೊಂಡ ರಿಯಾಯಿತಿ, ಕ್ಯಾನ್ಸಲ್ ಮಾಡಿದರೆ ದುಡ್ಡು ಎಷ್ಟು ವಾಪಸ್ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬೆಲೆ ಏರಿದರೆ ಡೆಲಿವರಿ ದಿನದ ಬೆಲೆಯೇ ಅನ್ವಯ ಅಂತ ಸಣ್ಣ ಅಕ್ಷರದಲ್ಲಿ ಇರಬಹುದು, ಓದಿ.

ನೋಂದಣಿಗೆ ಮುಂಚೆ ನಿಮಗೆ ಕೊಡುವ ಅದೇ ಕಾರನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಒಮ್ಮೆ ನಿಮ್ಮ ಹೆಸರಿಗೆ ಆದ ಮೇಲೆ ಬೇಡ ಅನ್ನುವುದು ಕಷ್ಟ. ತಯಾರಾದ ತಿಂಗಳನ್ನು ಕಾರಿನ ಫಲಕದಲ್ಲಿ ಮತ್ತು ಮಾರಾಟದ ಫಾರ್ಮ್ 21ರಲ್ಲಿ ಹೋಲಿಸಿ. ಟಯರ್ ಪಕ್ಕದ ನಾಲ್ಕು ಅಂಕಿ ನೋಡಿ: 2325 ಅಂದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯ ಅಂಕಿಯನ್ನೂ ನೋಡಿ. ಓಡೋಮೀಟರ್ ನೂರಾರು ಕಿಲೋಮೀಟರ್ ತೋರಿಸಿದರೆ ಯಾಕೆ ಅಂತ ಕೇಳಿ. ಬಣ್ಣದ ಛಾಯೆ ಬಾಗಿಲಿಂದ ಬಂಪರಿಗೆ ಬೇರೆಯಾಗಿದೆಯಾ, ಗಾಜುಗಳ ಮೇಲಿನ ಗುರುತು ಎಲ್ಲ ಒಂದೇ ಥರ ಇದೆಯಾ, ಎಸಿ ಹಾಕಿ ಹತ್ತು ನಿಮಿಷ ಬಿಟ್ಟರೆ ಒಳಗೆ ತಣ್ಣಗಾಗುತ್ತದಾ, ಎಲ್ಲ ಪವರ್ ವಿಂಡೋ ಮೇಲೆ ಕೆಳಗೆ ಹೋಗುತ್ತವಾ ಪರೀಕ್ಷಿಸಿ. ಏನಾದರೂ ಹೊಂದದಿದ್ದರೆ ಬೇರೆ ಕಾರು ಕೊಡಿ ಅಂತ ಅಲ್ಲೇ ಹೇಳಿ. ಪೂರ್ತಿ ದುಡ್ಡು ಕಟ್ಟುವುದು ಈ ಪರೀಕ್ಷೆ ಮುಗಿದ ಮೇಲೆ.